ಮಾವನವರು ತಂದ ಜಪಾನಿ ನಟರ ಚಿತ್ರಗಳು: ಅಸಲಿಯೋ ನಕಲಿಯೋ, ಈಗೇನು ಮಾಡೋಣ?

ಪ್ರಶ್ನೆ: ನಮ್ಮ ಮಾವನವರು ಸರಕು ಹಡಗಿನಲ್ಲಿ ಎಂಜಿನಿಯರ್ ಆಗಿದ್ದರು. 1960ರ ದಶಕದಲ್ಲಿ ಕೋಬೆ, ಯೊಕೊಹಾಮಾ ಬಂದರುಗಳಿಗೆ ಹೋಗಿಬರುತ್ತಿದ್ದರು. ಅಲ್ಲಿಂದ ತಂದ ಎರಡು ಚಿತ್ರ ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಇವತ್ತಿಗೂ ತೂಗುತ್ತಿವೆ. ಮೊದಲನೆಯದರಲ್ಲಿ ಮೆಳ್ಳಗಣ್ಣು ಮಾಡಿಕೊಂಡ ಒಬ್ಬ ಗಂಡಸು, ಎದೆಯ ಮುಂದೆ ಬೆರಳು ಚಾಚಿಕೊಂಡು ನಿಂತಿದ್ದಾನೆ. ಹಿಂಬದಿ ಬೂದು ಬಣ್ಣ, ಮಿಂಚುತ್ತದೆ. ಕಾಗದ ದಪ್ಪ, ಬೆಳ್ಳಗಿದೆ. ಹಿಂದೆ ‘ಮೇಡ್ ಇನ್ ಜಪಾನ್’ ಎಂದು ಇಂಗ್ಲಿಷಿನ ಠಸ್ಸೆ ಇದೆ. ಎರಡನೆಯದು ತಲೆಗೆ ನೇರಳೆ ಬಟ್ಟೆ ಕಟ್ಟಿಕೊಂಡ ಹೆಂಗಸು. ಅದರ ಕಾಗದ ತೆಳು, ಕಂದು ರಟ್ಟಿಗೆ ಅಂಟಿಸಿಬಿಟ್ಟಿದ್ದಾರೆ, ಅಲ್ಲಲ್ಲಿ ಕಂದು ಚುಕ್ಕೆ ಬಿದ್ದಿವೆ, ಹುಳು ಕೊರೆದ ತೂತೂ ಇವೆ. ಬಲಗಡೆ ಯಾರದೋ ಕತ್ತಿ ಅರ್ಧಕ್ಕೆ ಕತ್ತರಿಸಿದ ಹಾಗಿದೆ. ನೇರಳೆ ಬಣ್ಣ ಮಾಸಿ ಬೂದಿಯಾಗಿದೆ. ಮಗನ ಸ್ನೇಹಿತರೊಬ್ಬರು ನೋಡಿ, ‘ಮೊದಲನೆಯದು ಕೋಟಿ ಬಾಳುತ್ತೆ, ಸರ್ಕಾರದ ಮುದ್ರೆಯೇ ಇದೆ. ಎರಡನೆಯದು ಅಂಚು ಕತ್ತರಿಸಿದ ಗೇಶಾ ಚಿತ್ರ, ನಕಲಿ’ ಅಂದರು. ಫ್ರೇಮಿನ ಅಂಗಡಿಯವರು ‘ತೊಳೆದು, ಚುಕ್ಕೆ ತೆಗೆದು, ಲ್ಯಾಮಿನೇಟ್ ಮಾಡಿ ಕೊಡ್ತೀವಿ’ ಅನ್ನುತ್ತಾರೆ. ಮಗ ಮಾರೋಣ ಅನ್ನುತ್ತಾನೆ. ಏನು ಮಾಡಲಿ?

ಉತ್ತರ: ಫ್ರೇಮಿನ ಅಂಗಡಿಗೆ ಸದ್ಯಕ್ಕೆ ಎರಡನ್ನೂ ಕೊಡಬೇಡಿ. ತೊಳೆಯುವುದು, ಬ್ಲೀಚು, ಲ್ಯಾಮಿನೇಶನ್, ಮೂರೂ ಬೇಡ. ಕಾರಣ ಮುಂದೆ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ಎರಡು ಚಿಂತೆ ಬೆರೆತಿವೆ. ಒಂದು, ಮನೆಯಲ್ಲಿರುವುದು ಏನು ಅನ್ನುವುದು. ಇನ್ನೊಂದು, ಅದನ್ನು ಹೇಗೆ ಕಾಪಾಡುವುದು ಅನ್ನುವುದು. ನಿಮ್ಮ ಫೋಟೊಗಳನ್ನು ನೋಡಿದ ಮೇಲೆ ನನ್ನ ಅಂದಾಜು ಮಗನ ಸ್ನೇಹಿತರು ಹೇಳಿದ್ದಕ್ಕೆ ಹೆಚ್ಚುಕಮ್ಮಿ ತಿರುಗುಮುರುಗು. ಕೋಟಿ ಅಂದ ಚಿತ್ರ ಇಪ್ಪತ್ತನೇ ಶತಮಾನದ ಮರುಮುದ್ರಣ. ನಕಲಿ ಅಂದದ್ದು ಸುಮಾರು 160 ವರ್ಷ ಹಳೆಯದು. ಹಾಗಂತ ಹಳೆಯದಕ್ಕೆ ಕೋಟಿ ಬರುತ್ತದೆ ಅಂದುಕೊಳ್ಳಬೇಡಿ.

ಇವು ಎರಡೂ ಜಪಾನಿನ ಜನಪ್ರಿಯ ನಾಟಕವಾದ ಕಬುಕಿಯ ನಟರ ಚಿತ್ರಗಳು, ಮರದ ಅಚ್ಚಿನಿಂದ ಒತ್ತುತ್ತಿದ್ದ ಬಗೆಯವು. ಎದೋ ಪಟ್ಟಣದಲ್ಲಿ, ಅಂದರೆ ಇವತ್ತಿನ ಟೋಕಿಯೊದಲ್ಲಿ, ಇವು ಅಂಗಡಿ ಮುಂದೆ ನೇತುಹಾಕಿ ಮಾರುವ ಸರಕಾಗಿದ್ದವು. ನಮ್ಮಲ್ಲಿ ಟಾಕೀಸಿನ ಹೊರಗೆ ಹೀರೋಗಳ ಫೋಟೊ ಮಾರುತ್ತಿದ್ದರಲ್ಲ, ಹಾಗೆ. ಹತ್ತೊಂಬತ್ತನೇ ಶತಮಾನದಲ್ಲಿ ಒಂದು ಹಾಳೆಯ ಬೆಲೆ ಇಪ್ಪತ್ತು ಮೋನ್ ಆಸುಪಾಸು, ಮೋನ್ ಅಂದರೆ ಆ ಕಾಲದ ಚಿಲ್ಲರೆ ಕಾಸು. ಬೀದಿಬದಿಯಲ್ಲಿ ಒಂದು ಬಟ್ಟಲು ಸೋಬಾ ಶಾವಿಗೆಗೆ ಹದಿನಾರು ಮೋನ್ ಇತ್ತು. ಹೊಸ ನಾಟಕ ಶುರುವಾಗುವ ಹೊತ್ತಿಗೆ ಚಿತ್ರ ಮಾರುಕಟ್ಟೆಗೆ ಬರಬೇಕು, ಆಟ ಮುಗಿದರೆ ಬೇಡಿಕೆಯೂ ಮುಗಿಯಿತು. ಮುಂದಿನ ತಲೆಮಾರಿಗೆ ಉಳಿಯಲಿ ಅಂತ ಯಾರೂ ಇವನ್ನು ಮಾಡಲಿಲ್ಲ. ಬೇಗ ಮಾಸುವ ಬಣ್ಣ, ಕತ್ತರಿಸಿದ ಅಂಚು, ಪುಸ್ತಕಕ್ಕೆ ಅಂಟಿಸಿದ ಗುರುತು, ಇವೆಲ್ಲ ಅಲ್ಲಿಂದಲೇ ಬಂದವು.

‘ಅಸಲಿಯೋ?’ ಅನ್ನುವುದಕ್ಕಿಂತ ಮೊದಲು

ಪೇಂಟಿಂಗಿಗೆ ಕೇಳುವ ಪ್ರಶ್ನೆಯನ್ನೇ ಮರದಚ್ಚಿನ ಚಿತ್ರಕ್ಕೂ ಕೇಳಿದರೆ ದಾರಿ ತಪ್ಪುತ್ತದೆ. ಇದು ಒಬ್ಬರ ಕೈಕೆಲಸ ಅಲ್ಲ. ಬಂಡವಾಳ ಹಾಕುವ ಪ್ರಕಾಶಕ ಒಬ್ಬ. ತೆಳು ಕಾಗದದ ಮೇಲೆ ರೇಖೆಯಲ್ಲಿ ಚಿತ್ರ ಬರೆದುಕೊಡುವವನು ಕಲಾವಿದ. ಆ ಕಾಗದವನ್ನು ಮಗುಚಿ ಚೆರ್ರಿ ಮರದ ಹಲಗೆಗೆ ಅಂಟಿಸಿ, ಗೆರೆ ಬಿಟ್ಟು ಉಳಿದದ್ದನ್ನೆಲ್ಲ ಕೆತ್ತಿ ತೆಗೆಯುವವನು ಕೆತ್ತನೆಗಾರ. ಕೆತ್ತುವಾಗಲೇ ಕಲಾವಿದನ ಕೈಬರಹದ ಚಿತ್ರ ಹರಿದು ಹೋಗುತ್ತದೆ. ‘ಮೂಲ’ ಅಂತ ತೋರಿಸಬಹುದಾದ ಹಾಳೆ ಅಲ್ಲಿಗೆ ಮುಗಿಯಿತು. ಆಮೇಲೆ ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು. ಮೂಲೆಯಲ್ಲಿ ಕೆತ್ತಿದ ಸಣ್ಣ ಗುರುತಿಗೆ ಒದ್ದೆ ಕಾಗದವನ್ನು ತಾಗಿಸಿ ಕೂರಿಸಿ, ಬಾರೆನ್ ಅನ್ನುವ ದುಂಡನೆ ಒತ್ತುಬಿಲ್ಲೆಯಿಂದ ಬೆನ್ನಿಗೆ ಉಜ್ಜಿ ಉಜ್ಜಿ ಬಣ್ಣ ಇಳಿಸುವವನು ಮುದ್ರಕ. ಯಂತ್ರದ ಮಾತೇ ಇಲ್ಲ. ಇಷ್ಟು ಬಣ್ಣದ ಚಿತ್ರ 1765ರ ಆಸುಪಾಸಿನಲ್ಲಿ ರೂಢಿಗೆ ಬಂತು.

ಹಾಗಾಗಿ ನಾವು ಕೇಳುವುದು ಬೇರೆ ಪ್ರಶ್ನೆ. ಅಚ್ಚು ಕೆತ್ತಿದ್ದು ಯಾವಾಗ? ಈ ಹಾಳೆ ಒತ್ತಿದ್ದು ಯಾವಾಗ? ಈಗ ಅದರ ಸ್ಥಿತಿ ಹೇಗಿದೆ? ಕಲಾವಿದನ ಕಾಲದಲ್ಲೇ, ಅಚ್ಚು ಹೊಸದಾಗಿದ್ದಾಗ ಒತ್ತಿದ ಹಾಳೆಗೆ ಬೆಲೆ ಹೆಚ್ಚು. ಅದೇ ಅಚ್ಚು ಸವೆದ ಮೇಲೆ ಒತ್ತಿದ್ದಕ್ಕೆ ಕಮ್ಮಿ. ಅದರಲ್ಲಿ ಕೂದಲಿನ ಗೆರೆಗಳು ದಪ್ಪವಾಗಿ, ಒಂದಕ್ಕೊಂದು ಅಂಟಿಕೊಂಡು ಕಾಣುತ್ತವೆ. ನೂರು ವರ್ಷದ ನಂತರ ಹೊಸ ಹಲಗೆಯ ಮೇಲೆ ನೋಡಿ ಕೆತ್ತಿ, ಕೈಯಲ್ಲೇ ಒತ್ತಿದ್ದು ಮರುಮುದ್ರಣ. ಫೋಟೊ ತೆಗೆದು ಯಂತ್ರದಲ್ಲಿ ಅಚ್ಚು ಹಾಕಿದ್ದಾದರೆ ಅದು ಬರೀ ಪೋಸ್ಟರ್. ಮರುಮುದ್ರಣ ಅಂದರೆ ಮೋಸ ಅಲ್ಲ. ಅದನ್ನು ಹಳೆಯದೆಂದು ಹೇಳಿ ಮಾರಿದಾಗ ಮಾತ್ರ ಮೋಸ.

ಮೆಳ್ಳಗಣ್ಣಿನವನು

ನಿಮ್ಮ ಮೊದಲನೆಯ ಚಿತ್ರ ಜಪಾನಿನ ಅತ್ಯಂತ ಪ್ರಸಿದ್ಧ ಚಿತ್ರಗಳಲ್ಲಿ ಒಂದು. ಬರೆದವನು ತೋಶೂಸಾಯ್ ಶರಾಕು. ಅದರಲ್ಲಿರುವ ನಟ ಮೂರನೆಯ ಓತಾನಿ ಓನಿಜಿ, ಅಂದರೆ ಆ ಹೆಸರು ಹೊತ್ತ ಮೂರನೆಯವನು. 1794ರ ಐದನೇ ತಿಂಗಳಲ್ಲಿ ಕವಾರಜಾಕಿ ರಂಗಮಂದಿರದಲ್ಲಿ ಆಡಿದ ನಾಟಕದಲ್ಲಿ ಅವನದು ಯಾಕ್ಕೊ ಎದೊಬೇ ಅನ್ನುವ ಪಾತ್ರ. ಖಳರ ಕಡೆಯ ಆಳು, ದುಡ್ಡು ದೋಚಲು ಬಂದವನು. ಮುಖ ಮುಂದೆ ಚಾಚಿದೆ, ಕೈಗಳು ಎದೆಯಿಂದಲೇ ಮೊಳೆತ ಹಾಗೆ ಚಿಕ್ಕದಾಗಿವೆ, ಬೆರಳುಗಳು ಸೆಟೆದಿವೆ. ದೇಹದ ಅಳತೆ ನೋಡಿದರೆ ಪೂರ್ತಿ ತಪ್ಪು. ಆದರೆ ರಂಗದ ಮೇಲೆ ಆ ಒಂದು ಗಳಿಗೆಯ ಬಿಗಿತ ಅದರಲ್ಲಿ ಸಿಕ್ಕಿಬಿದ್ದಿದೆ. ಅದೇ ವರ್ಷದ ಕೊನೆಗೆ ಆ ನಟ ಎರಡನೆಯ ನಕಾಮುರಾ ನಕಾಜೊ ಎಂಬ ದೊಡ್ಡ ಹೆಸರನ್ನು ಪಡೆದ, 1796ರಲ್ಲಿ ತೀರಿಕೊಂಡ. ಈ ಒಂದು ಚಿತ್ರ ಇಲ್ಲದಿದ್ದರೆ ಕಬುಕಿ ಬಲ್ಲವರನ್ನು ಬಿಟ್ಟು ಬೇರೆಯವರು ಅವನ ಹೆಸರು ಎತ್ತುತ್ತಿರಲಿಲ್ಲ.

ಶರಾಕು ಚಿತ್ರ ಬರೆದದ್ದು ಬರೀ ಹತ್ತು ತಿಂಗಳು, 1794ರ ಮಧ್ಯದಿಂದ 1795ರ ಆರಂಭದವರೆಗೆ. ಅಷ್ಟರಲ್ಲೇ 140ಕ್ಕೂ ಹೆಚ್ಚು ಚಿತ್ರ ಹೊರಬಂದವು. ಮೊದಲ ಕಂತಿನಲ್ಲೇ ಇಂಥ 28 ದೊಡ್ಡ ಮುಖಗಳು. ಎಲ್ಲವನ್ನೂ ಹೊರಡಿಸಿದವನು ತ್ಸುತಾಯಾ ಜೂಜಾಬುರೊ. 1791ರಲ್ಲಿ ಪುಸ್ತಕವೊಂದರ ವಿಚಾರಕ್ಕೆ ಸರ್ಕಾರದಿಂದ ಆಸ್ತಿಯ ಅರ್ಧ ದಂಡ ತೆತ್ತ ಪ್ರಕಾಶಕ ಅವನು. ಆಗ ಎದೋದ ಮೂರೂ ದೊಡ್ಡ ರಂಗಮಂದಿರಗಳು ಸಾಲಕ್ಕೆ ಸಿಕ್ಕಿ ಮುಚ್ಚಿದ್ದವು, ಅವುಗಳ ಬದಲಿಗೆ ನಿಂತ ಮೂರು ಮಂದಿರಗಳಲ್ಲಿ ಆಟ ನಡೆಯುತ್ತಿತ್ತು. ಶರಾಕು ಯಾರು ಅಂತ ಇನ್ನೂ ವಾದ ನಡೆಯುತ್ತಲೇ ಇದೆ. ಆವಾ ಸಂಸ್ಥಾನದಲ್ಲಿ ನೋಹ್ ಅನ್ನುವ ಹಳೆಯ ಮುಖವಾಡದ ನಾಟಕ ಆಡುತ್ತಿದ್ದ ನಟ ಸೈತೊ ಜೂರೊಬೇ ಇರಬೇಕು ಅನ್ನುವುದು ಇವತ್ತು ಹೆಚ್ಚಿನವರು ಒಪ್ಪುವ ಮಾತು. ಹತ್ತೇ ತಿಂಗಳಲ್ಲಿ ನಿಂತುಹೋದದ್ದಕ್ಕೆ, ನಟರನ್ನು ತೀರಾ ಇದ್ದ ಹಾಗೇ ಬರೆಯಲು ಹೋಗಿ ಬರೆಯಬಾರದ್ದನ್ನು ಬರೆದ ಅಂತ ಆ ಕಾಲಕ್ಕೆ ಹತ್ತಿರದವರೇ ಕಾರಣ ಕೊಟ್ಟಿದ್ದಾರೆ. ಅಭಿಮಾನಿಗೆ ತನ್ನ ಹೀರೋ ಚಂದ ಕಾಣಬೇಕು. ಹೆಣ್ಣುವೇಷದ ನಟನ ದಪ್ಪ ದವಡೆ, ಇಳಿವಯಸ್ಸು ಎಲ್ಲ ಕಂಡರೆ ಯಾರು ಕೊಳ್ಳುತ್ತಾರೆ?

ಯುರೋಪಿನಲ್ಲಿ ಶರಾಕುವಿನ ಹೆಸರು ಎದ್ದದ್ದು 1910ರಲ್ಲಿ ಜರ್ಮನಿಯ ಯೂಲಿಯಸ್ ಕುರ್ತ್ ಬರೆದ ಪುಸ್ತಕದ ನಂತರ. ಹೆಸರು ಎದ್ದ ಮೇಲೆ ಬೇಡಿಕೆ ಬಂತು, ಬೇಡಿಕೆ ಬಂದ ಮೇಲೆ ಮರುಮುದ್ರಣಗಳು ಬಂದವು. ಓನಿಜಿಯ ಚಿತ್ರವಂತೂ ಮತ್ತೆ ಮತ್ತೆ ಕೆತ್ತಿ ಒತ್ತಿದ್ದು. ಟೋಕಿಯೊದ ಅದಾಚಿ ಸಂಸ್ಥೆ ಇವತ್ತಿಗೂ ಹಳೆಯ ಪದ್ಧತಿಯಲ್ಲೇ ಮಾಡುತ್ತದೆ. 1960ರ ದಶಕದಲ್ಲಿ ಬಂದರಿನ ಅಂಗಡಿಯಲ್ಲಿ, ಹಡಗಿನವರ ಸಂಬಳಕ್ಕೆ ಎಟುಕುವ ಬೆಲೆಗೆ 1794ರ ಹಾಳೆ ಸಿಕ್ಕಿತು ಅನ್ನುವುದು ನಂಬುವ ಮಾತಲ್ಲ. ಆ ಹೊತ್ತಿಗಾಗಲೇ ಅವು ಮ್ಯೂಸಿಯಂಗಳಲ್ಲೂ ದೊಡ್ಡ ಸಂಗ್ರಾಹಕರ ಬಳಿಯೂ ಸೇರಿದ್ದವು.

ಬರೀ ಸಾಧ್ಯತೆಯ ಲೆಕ್ಕದಿಂದ ಹೀಗೆ ಹೇಳುತ್ತಿಲ್ಲ. ಇಂಗ್ಲಿಷ್ ಠಸ್ಸೆ ಅಂದರೆ ಅದು ರಫ್ತಿಗೆ ಮಾಡಿದ ಮಾಲು. ದಪ್ಪ ಬೆಳ್ಳನೆಯ ಕಾಗದವೂ ಅದನ್ನೇ ಹೇಳುತ್ತದೆ. ಹಿಂಬದಿಯ ಮಿಂಚು ನೋಡಿ. ಹಳೆಯದರಲ್ಲಿ ಅದು ಅಭ್ರಕದ ಪುಡಿ, ನಾವು ಕಾಗೆ ಬಂಗಾರ ಅನ್ನುತ್ತೇವಲ್ಲ ಅದೇ. ಇನ್ನೂರು ವರ್ಷದಲ್ಲಿ ಅದು ಉದುರುತ್ತದೆ, ಕೈ ತಾಗಿದಲ್ಲಿ ಸವೆಯುತ್ತದೆ, ಓರೆ ಬೆಳಕಿನಲ್ಲಿ ತೇಪೆ ತೇಪೆಯಾಗಿ ಕಾಣುತ್ತದೆ. ನಿಮ್ಮದರಲ್ಲಿ ಮಿಂಚು ಮೂಲೆಯಿಂದ ಮೂಲೆಗೆ ಒಂದೇ ಸಮ ಇದೆ.

ಇನ್ನು ಆ ‘ಸರ್ಕಾರದ ಮುದ್ರೆ’. ಸಹಿಯ ಹತ್ತಿರ ಇರುವ ಸಣ್ಣ ದುಂಡು ಮುದ್ರೆ ನಿಜವಾಗಿಯೂ ಸೆನ್ಸಾರ್ ಗುರುತು. 1790ರ ಸುಮಾರಿಗೆ ಶುರುವಾಗಿ 1842ರವರೆಗೆ ಬಳಕೆಯಲ್ಲಿದ್ದದ್ದು. ಆದರೆ ಅದು ಹಾಳೆಯ ಮೇಲೆ ಅಧಿಕಾರಿ ಒತ್ತಿದ ಠಸ್ಸೆ ಅಲ್ಲ. ಕೆತ್ತುವ ಮೊದಲೇ ಚಿತ್ರ ಪರೀಕ್ಷೆಯಾಗಿ, ಒಪ್ಪಿಗೆಯ ಗುರುತು ಚಿತ್ರದ ಜೊತೆಗೇ ಅಚ್ಚಿನಲ್ಲಿ ಸೇರುತ್ತಿತ್ತು. ನೋಡಿ ಕೆತ್ತುವವನು ಸಹಿ, ಪ್ರಕಾಶಕನ ಗುರುತು, ಸೆನ್ಸಾರ್ ಮುದ್ರೆ ಎಲ್ಲವನ್ನೂ ಸೇರಿಸಿಯೇ ಕೆತ್ತುತ್ತಾನೆ. ಮುದ್ರೆ ಇದೆ ಅಂದಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ. ಇಲ್ಲ ಅಂದರೆ ಮಾತ್ರ ಅನುಮಾನ ಪಡಬೇಕು.

ನಿಮ್ಮದು ಕೈಯಲ್ಲಿ ಒತ್ತಿದ ಮರುಮುದ್ರಣವೋ, ಯಂತ್ರದ್ದೋ ಅನ್ನುವುದನ್ನು ಮನೆಯಲ್ಲೇ ನೋಡಬಹುದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಮಸೂರ ಸಾಕು. ಬಣ್ಣದ ಜಾಗ ಪತ್ರಿಕೆಯ ಫೋಟೊದ ಹಾಗೆ ಚುಕ್ಕಿ ಚುಕ್ಕಿಯಾಗಿ ಒಡೆದು ಕಂಡರೆ ಯಂತ್ರದ್ದು. ಬಣ್ಣ ಕಾಗದದ ನಾರಿನೊಳಗೆ ಇಳಿದಿದ್ದು, ಗೆರೆಯ ಅಂಚು ಸ್ವಲ್ಪ ತಗ್ಗಿ, ಬೆನ್ನಿನಲ್ಲಿ ಬಣ್ಣ ಮಬ್ಬಾಗಿ ಮೂಡಿ, ಉಜ್ಜಿದ ಗುರುತು ಇದ್ದರೆ ಕೈಮುದ್ರಣ. ಚುಕ್ಕಿ ಇಲ್ಲದ ಯಂತ್ರಮುದ್ರಣವೂ ಉಂಟು, ಆದ್ದರಿಂದ ಬೆನ್ನು ನೋಡದೆ ತೀರ್ಮಾನ ಮಾಡಬೇಡಿ. ಚೌಕಟ್ಟಿನಡಿ ಮುಚ್ಚಿಹೋದ ಅಂಚನ್ನೂ ನೋಡಿ. ಒಳ್ಳೆಯ ಸಂಸ್ಥೆಗಳು ಅಲ್ಲಿ ಪ್ರಕಾಶಕರ, ಕೆತ್ತನೆಗಾರರ, ಮುದ್ರಕರ ಹೆಸರು ಹಾಕುತ್ತವೆ. ಕೈಮುದ್ರಣವಾಗಿದ್ದರೆ ಅದು ಕೋಟಿಯಲ್ಲ, ಕೆಲವು ಸಾವಿರ ರೂಪಾಯಿಯ ವಸ್ತು. ಆದರೂ ನುರಿತ ಕೈಗಳ ಕೆಲಸ. ನಿರಾಶೆಯಿಂದ ಮೂಲೆಗೆ ಹಾಕಬೇಡಿ.

ನೇರಳೆ ಬಟ್ಟೆಯವಳು

ನನಗೆ ಹೆಚ್ಚು ಕುತೂಹಲ ಇರುವುದು ಈ ಎರಡನೆಯದರಲ್ಲಿ. ಮೊದಲನೆಯ ಮಾತು, ಅವಳು ಗೇಶಾ ಅಲ್ಲ. ಹೆಂಗಸೂ ಅಲ್ಲ, ಹೆಣ್ಣುವೇಷದ ನಟ. 1629ರಲ್ಲಿ ಹೆಂಗಸರು ಕಬುಕಿ ರಂಗ ಹತ್ತುವುದನ್ನು ನಿಷೇಧಿಸಿದರು. ಅವರ ಜಾಗಕ್ಕೆ ಬಂದ ಹುಡುಗರನ್ನೂ 1652ರಲ್ಲಿ ತಡೆದರು. ಆಮೇಲೆ ಆಡಬೇಕಾದರೆ ನಟರು ಹಣೆಯ ಮೇಲಿನ ಕೂದಲು ಬೋಳಿಸಿಕೊಳ್ಳಲೇಬೇಕು ಅಂತ ನಿಯಮವಾಯಿತು. ಬೋಳು ಹಣೆ ಮುಚ್ಚಲು ಹೆಣ್ಣುವೇಷದವರು ಹಾಕಿಕೊಂಡದ್ದೇ ಈ ನೇರಳೆ ಬಟ್ಟೆ. ಕ್ರಮೇಣ ಅದೇ ಅವರ ಗುರುತಾಯಿತು. ಯಕ್ಷಗಾನದ ಸ್ತ್ರೀವೇಷ ನೋಡಿದವರಿಗೆ ಗಂಡಸರು ಹೆಣ್ಣಾಗುವುದು ಹೊಸದಲ್ಲ. ಚಿತ್ರದಲ್ಲಿ ಮಾತ್ರ ಎಷ್ಟೋ ಜನ ಮೋಸ ಹೋಗುತ್ತಾರೆ, ಅಂಗಡಿಯವರೂ ಸೇರಿ.

ನೀವು ಕಳಿಸಿದ ಹತ್ತಿರದ ಫೋಟೊದಲ್ಲಿ ಒಂದೇ ದುಂಡು ಮುದ್ರೆ ಇದೆ. ಅದರಲ್ಲಿ ಹುಲಿಯ ವರ್ಷದ ಅಕ್ಷರವೂ ಪರೀಕ್ಷೆಯಾಯಿತು ಅನ್ನುವ ಗುರುತೂ ಒಟ್ಟಿಗೆ ಇವೆ. ಇದು ನಮ್ಮ ಕೆಲಸ ಬಹಳ ಸುಲಭ ಮಾಡಿತು. ಜಪಾನಿನಲ್ಲಿ ವರ್ಷಗಳನ್ನು ಹನ್ನೆರಡು ಪ್ರಾಣಿಗಳ ಹೆಸರಿನಲ್ಲಿ ಸರದಿಯಂತೆ ಎಣಿಸುತ್ತಾರೆ, ಹುಲಿಯ ವರ್ಷ ಹನ್ನೆರಡು ವರ್ಷಕ್ಕೊಮ್ಮೆ ಬರುತ್ತದೆ. ಈ ಬಗೆಯ ಮುದ್ರೆಗಳ ಕಾಲದಲ್ಲಿ ಬಂದದ್ದು 1854 ಮತ್ತು 1866. 1854ರಲ್ಲಿ ತಾರೀಖಿಗೊಂದು, ಒಪ್ಪಿಗೆಗೊಂದು ಅಂತ ಬೇರೆ ಬೇರೆ ಮುದ್ರೆ ಇದ್ದವು. ಎರಡನ್ನೂ ಒಂದೇ ದುಂಡಿನೊಳಗೆ ಸೇರಿಸಿದ್ದು 1859ರಿಂದ 1871ರವರೆಗೆ. ಅಲ್ಲಿಗೆ ನಿಮ್ಮದು 1866. ಸಹಿ ತೊಯೊಹಾರಾ ಕುನಿಚಿಕಾನದು. ಅವನು ಹುಟ್ಟಿದ್ದು 1835, ತೀರಿಕೊಂಡದ್ದು 1900. ಜೀವನವಿಡೀ ನಟರನ್ನೇ ಬರೆದವನು. ಅವನ ಗುರು ಉತಗಾವಾ ಕುನಿಸಾದಾ ಒಬ್ಬನೇ 20,000ಕ್ಕೂ ಹೆಚ್ಚು ವಿನ್ಯಾಸ ಮಾಡಿದ್ದಾನೆ. ಅಷ್ಟೊಂದು ಬೇಡಿಕೆ ಇತ್ತು ಅಂತ ಲೆಕ್ಕ ಹಾಕಿಕೊಳ್ಳಿ.

ಮುದ್ರೆಯನ್ನೂ ನಕಲು ಮಾಡಬಹುದು ಅಂತ ಈಗಷ್ಟೇ ಹೇಳಿದೆ, ಹಾಗಾದರೆ ಇದನ್ನು ಯಾಕೆ ನಂಬಬೇಕು ಅಂತ ಕೇಳುತ್ತೀರಿ. ಮರುಮುದ್ರಣ ಮಾಡುವವರು ಹೆಸರಾದ ಚಿತ್ರಗಳನ್ನು ಹಿಡಿಯುತ್ತಾರೆ. ಶರಾಕು, ಉತಾಮಾರೊ, ಹೊಕುಸಾಯ್, ಹಿರೊಶಿಗೆ. 1866ರ ಒಂದು ಸಾಮಾನ್ಯ ನಾಟಕದ ಬಿಡಿ ಹಾಳೆಯನ್ನು ಅಷ್ಟೊಂದು ಅಚ್ಚು ಕೆತ್ತಿ ನಕಲು ಮಾಡಿದರೆ ಕೂಲಿಯೂ ಹುಟ್ಟುವುದಿಲ್ಲ. ಜೊತೆಗೆ ತೆಳು ಕಾಗದ, ನಾರು, ಹುಳುವಿನ ತೂತು, ಬಣ್ಣ ಎಲ್ಲವೂ ಒಂದೇ ಕಾಲವನ್ನು ಹೇಳುತ್ತಿವೆ. ಆ ಕಾಗದ ಕೋಝೊ ಅನ್ನುವ ಗಿಡದ ತೊಗಟೆಯ ನಾರಿನದು. ನಮ್ಮ ರೇಷ್ಮೆ ರೈತರು ಬೆಳೆಯುವ ಹಿಪ್ಪುನೇರಳೆಯ ಬಳಗದ ಗಿಡ ಅದು. ನಾರು ಉದ್ದ, ಅದಕ್ಕೇ ತೆಳುವಾದರೂ ಅಷ್ಟು ಗಟ್ಟಿ.

ಬಲಗಡೆ ಕತ್ತಿ ಅರ್ಧಕ್ಕೆ ನಿಂತದ್ದು ಯಾರೋ ಕತ್ತರಿಸಿದ್ದರಿಂದಲ್ಲ. ನಟರ ಚಿತ್ರಗಳು ಎಷ್ಟೋ ಸಲ ಮೂರು ಹಾಳೆಯ ಜೋಡಣೆ. ಒಂದೊಂದು ಹಾಳೆಯಲ್ಲಿ ಒಬ್ಬೊಬ್ಬ ನಟ, ದೃಶ್ಯ ಮೂರಕ್ಕೂ ಹಬ್ಬಿರುತ್ತದೆ. ಹಾಳೆಗಳನ್ನು ಬಿಡಿಯಾಗಿಯೂ ಮಾರುತ್ತಿದ್ದರು, ಅಭಿಮಾನಿ ತನ್ನ ನಟನದ್ದನ್ನು ಮಾತ್ರ ಕೊಳ್ಳಬಹುದಿತ್ತು. ನಿಮ್ಮ ಹಾಳೆಯ ಬಲಕ್ಕೆ ಕತ್ತಿ ಹಿಡಿದ ಇನ್ನೊಬ್ಬನಿದ್ದ. ಎಡಕ್ಕೂ ಬಟ್ಟೆಯ ಸೆರಗು ಮುಂದುವರಿದಂತಿದೆ, ಹಾಗಾದರೆ ಇದು ನಡುವಿನ ಹಾಳೆ. ಸುತ್ತಲ ಬಿಳಿ ಅಂಚು ಇಲ್ಲದಿರುವುದು ಮಾತ್ರ ಕತ್ತರಿಸಿದ್ದೇ. ಆ ಕಾಲದವರೇ ಇಂಥ ಹಾಳೆಗಳನ್ನು ಅಂಚು ಸವರಿ, ಒಂದರ ಪಕ್ಕ ಒಂದು ಅಂಟಿಸಿ, ಮಡಿಕೆ ಪುಸ್ತಕ ಮಾಡಿಕೊಳ್ಳುತ್ತಿದ್ದರು. ಬೆಲೆ ಸ್ವಲ್ಪ ಕಮ್ಮಿಯಾಗುತ್ತದೆ, ನಕಲಿ ಅನ್ನುವುದಕ್ಕೆ ಮಾತ್ರ ಅದು ಸಾಕ್ಷಿಯಲ್ಲ. ಎಷ್ಟೋ ಸಲ ಉಲ್ಟಾ, ಪುಸ್ತಕದೊಳಗೆ ಮುಚ್ಚಿಟ್ಟಿದ್ದರಿಂದಲೇ ಬಣ್ಣ ಚೆನ್ನಾಗಿ ಉಳಿದಿರುತ್ತದೆ.

ನಟ ಯಾರು ಅನ್ನುವುದು ಮೇಲಿನ ಉದ್ದನೆಯ ಚೌಕದಲ್ಲಿದೆ, ಪಾತ್ರದ ಹೆಸರಿನ ಜೊತೆ. ನಿಮ್ಮ ಫೋಟೊದಲ್ಲಿ ಅದು ಗಾಜಿನ ಹೊಳಪಿಗೆ ಸಿಕ್ಕಿ ಓದಲು ಬರುತ್ತಿಲ್ಲ. ಎಲ್ಲ ಹಾಳೆಯಲ್ಲೂ ಹೆಸರು ಇರುವುದಿಲ್ಲ. 1842ರಲ್ಲಿ ಸರ್ಕಾರ ನಟರ ಚಿತ್ರಗಳನ್ನೇ ನಿಷೇಧಿಸಿತ್ತು. ಆಗ ಕುನಿಯೊಶಿ ಅನ್ನುವ ಕಲಾವಿದ ಬೆಕ್ಕುಗಳಿಗೆ ನಟರ ಮುಖ ಹಾಕಿದ, ಗೋಡೆಯ ಮೇಲಿನ ಗೀಚು ಅಂತ ನೆಪ ಮಾಡಿ ನಟರನ್ನು ಬರೆದ. ಜನ ನೋಡಿದ ಕೂಡಲೇ ಗುರುತಿಸಿದರು. ನಿಷೇಧ ಸಡಿಲವಾದ ಮೇಲೂ ಹಲವು ವರ್ಷ ನಟರ ಹೆಸರು ಹಾಕದೆಯೇ ಚಿತ್ರ ಬಂದವು. 1866ರ ಹೊತ್ತಿಗೆ ಹೆಸರು ಮತ್ತೆ ಬಂದಿತ್ತು, ನಿಮ್ಮ ಅದೃಷ್ಟ. ಹೆಸರು ಅಳಿಸಿದ್ದರೂ ಉಡುಪಿನ ಮೇಲಿನ ಮನೆತನದ ಚಿಹ್ನೆಯಿಂದ ನಟನನ್ನು ಹಿಡಿಯಬಹುದು. ಒಂದರೊಳಗೊಂದು ಮೂರು ಚೌಕ ಇದ್ದರೆ ಅದು ಇಚಿಕಾವಾ ದಾಂಜೂರೊ ಮನೆತನ, ಹೀಗೆ. ಆ ವರ್ಷ ಎದೋದಲ್ಲಿ ಹೆಣ್ಣುವೇಷಕ್ಕೆ ಬಹಳ ಹೆಸರಾಗಿದ್ದವನು ಮೂರನೆಯ ಸವಾಮುರಾ ತಾನೊಸುಕೆ. ಆಗಿನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. ಮರುವರ್ಷ ಕಾಲು ಕೊಳೆತು, ಯೊಕೊಹಾಮಾದಲ್ಲಿ ಹೆಪ್‌ಬರ್ನ್ ಅನ್ನುವ ಅಮೆರಿಕದ ವೈದ್ಯರು ಅದನ್ನು ಕತ್ತರಿಸಿ ತೆಗೆದರು. ಅದಾದ ಮೇಲೂ ಅವನು ರಂಗ ಬಿಡಲಿಲ್ಲ. ನಿಮ್ಮ ಹಾಳೆ ಅವನದ್ದೇ ಅನ್ನುತ್ತಿಲ್ಲ, ಹೆಸರು ಓದಿದ ಮೇಲೇ ಆ ಮಾತು.

ಟೋಕಿಯೊದ ವಾಸೆದಾ ವಿಶ್ವವಿದ್ಯಾಲಯದ ನಾಟಕ ಮ್ಯೂಸಿಯಂನಲ್ಲಿ ಇಂಥ 40,000ಕ್ಕೂ ಹೆಚ್ಚು ಹಾಳೆಗಳಿವೆ, ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ನೋಡಬಹುದು. ಕಲಾವಿದ ಮತ್ತು ವರ್ಷ ಗೊತ್ತಿರುವುದರಿಂದ ಹುಡುಕುವುದು ಕಷ್ಟವಲ್ಲ. ಉಳಿದೆರಡು ಹಾಳೆ ಹೇಗಿದ್ದವು ಅಂತ ಅಲ್ಲೇ ಕಂಡರೂ ಕಾಣಬಹುದು. ಮಗನಿಗೆ ಈ ಕೆಲಸ ಹಚ್ಚಿ.

ಬಣ್ಣ ಯಾಕೆ ಹೋಯಿತು, ಯಾಕೆ ತೊಳೆಯಬಾರದು

ಬಣ್ಣ ಮಾಸಲು ಮುಖ್ಯ ಕಾರಣ ನಿಮ್ಮ ಪಡಸಾಲೆಯ ಕಿಟಕಿ. ಅರವತ್ತು ವರ್ಷ ಬೆಳಕು ಕುಡಿದಿದೆ. ಹಳೆಯ ಬಣ್ಣಗಳಲ್ಲಿ ಕೆಲವು ಗಟ್ಟಿ, ಕೆಲವು ತೀರಾ ಸೂಕ್ಷ್ಮ. ಗುಲಾಬಿ ಕೆಂಪು ಕುಸುಬೆ ಹೂವಿನದು. ನಿಮ್ಮ ಕಡೆ ಎಣ್ಣೆಗೆ ಬೆಳೆಯುವ ಅದೇ ಕುಸುಬೆ. ಅದು ಬೆಳಕಿಗೆ ನಿಲ್ಲುವುದಿಲ್ಲ. ಹೂವಿನಿಂದ ತೆಗೆದ ಒಂದು ನೀಲಿಯಿತ್ತು, ಅದು ಬೆಳಕಿಗೂ ನೀರಿಗೂ ಓಡುತ್ತದೆ. ಇವೆರಡನ್ನು ಬೆರೆಸಿದ ಹಳೆಯ ನೇರಳೆಗಳು ಇವತ್ತು ಕಂದಾಗಿ ಕಾಣುವುದು ಅದಕ್ಕೇ. 1830ರ ಆಸುಪಾಸಿನಿಂದ ಹೊರದೇಶದ ಪ್ರಶ್ಯನ್ ನೀಲಿ ಬಂತು, ಅದು ಪರವಾಗಿಲ್ಲ. 1859ರಲ್ಲಿ ಯೊಕೊಹಾಮಾ ಬಂದರು ತೆರೆದ ಮೇಲೆ, 1860ರ ದಶಕದಲ್ಲಿ ರಾಸಾಯನಿಕ ನೇರಳೆ, ಕೆಂಪುಗಳು ಹಡಗಿನಲ್ಲಿ ಬಂದವು. ನಿಮ್ಮ 1866ರ ಹಾಳೆಯ ನೇರಳೆ ಅಂಥದ್ದೇ ಅಂತ ನನ್ನ ಅನುಮಾನ. ಹೊಸದರಲ್ಲಿ ಕಣ್ಣು ಕುಕ್ಕುವಷ್ಟು ಗಾಢ, ಬೆಳಕಿಗೆ ಬಿಟ್ಟರೆ ಬೂದಿ. ಚೌಕಟ್ಟು ಬಿಚ್ಚಿದಾಗ ಅಂಚಿನಡಿ ಮುಚ್ಚಿದ್ದ ಬೆರಳಗಲದ ಜಾಗದಲ್ಲಿ ಮೊದಲಿನ ಬಣ್ಣ ಸಿಗಬಹುದು. ಹೋದದ್ದನ್ನು ತರುವ ವಿದ್ಯೆ ಯಾರ ಬಳಿಯೂ ಇಲ್ಲ. ಮೇಲಿಂದ ಬಣ್ಣ ತುಂಬಿಸಿದರೆ ನೋಡುವವರ ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ, ಇದ್ದ ಬೆಲೆಯೂ ಹೋಗುತ್ತದೆ.

ಈ ಬಣ್ಣಗಳಲ್ಲಿ ಕೆಲವು ನೀರು ಬಿದ್ದ ಕೂಡಲೇ ಹರಡುತ್ತವೆ. ಅಂಗಡಿಯವರು ‘ತೊಳೆದು ಕೊಡ್ತೀವಿ’ ಅಂದದ್ದಕ್ಕೆ ನಾನು ಬೆಚ್ಚಿದ್ದು ಇದಕ್ಕೇ. ಬ್ಲೀಚು ಚುಕ್ಕೆಯ ಜೊತೆ ಬಣ್ಣವನ್ನೂ ತೆಗೆಯುತ್ತದೆ, ಕಾಗದದ ನಾರನ್ನೂ ತಿನ್ನುತ್ತದೆ. ಲ್ಯಾಮಿನೇಶನ್ ಎಲ್ಲಕ್ಕಿಂತ ಕೆಟ್ಟದ್ದು. ಬಿಸಿಗೆ ಕರಗಿದ ಪ್ಲಾಸ್ಟಿಕ್ ನಾರಿನೊಳಗೆ ಇಳಿದರೆ ಮತ್ತೆ ಬಿಡಿಸಲು ಆಗುವುದೇ ಇಲ್ಲ. ಚೆನ್ನಾಗಿದ್ದ ಹಾಳೆಗಳು ಲ್ಯಾಮಿನೇಶನ್ ಆಗಿ ನನ್ನ ಮೇಜಿಗೆ ಬಂದಾಗ, ಹಾಗೇ ಇಟ್ಟುಕೊಳ್ಳಿ ಅಂತ ಹೇಳಿ ಕಳಿಸುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ.

ನಿಮ್ಮ ಮುಂದಿರುವ ದಾರಿಗಳು ಇಷ್ಟು. ಮೊದಲನೆಯದು, ಏನೂ ರಿಪೇರಿ ಮಾಡದೆ ಇನ್ನಷ್ಟು ಹಾಳಾಗುವುದನ್ನು ನಿಲ್ಲಿಸುವುದು. ಚೌಕಟ್ಟಿನಿಂದ ತೆಗೆದು, ರಟ್ಟಿನ ಸಮೇತ, ಆಮ್ಲರಹಿತ ಕಾಗದದ ಮಡಿಕೆಯೊಳಗೆ ಮಲಗಿಸಿ ಇಡಿ. ಹಾಳೆ ಗಾಜಿಗೆ ಅಂಟಿದ್ದರೆ ಮಾತ್ರ ಎಳೆಯಬೇಡಿ, ಹಾಗೇ ನಿಲ್ಲಿಸಿ. ಖರ್ಚು ಕಮ್ಮಿ, ಅಪಾಯವೂ ಕಮ್ಮಿ. ಒಂದೇ ಕೊರತೆ, ಆ ಅಗ್ಗದ ರಟ್ಟಿನ ಆಮ್ಲ ನಿಧಾನಕ್ಕೆ ಹಾಳೆಯನ್ನು ಕಂದು ಮಾಡುತ್ತಲೇ ಇರುತ್ತದೆ.

ಎರಡನೆಯದು, ಕಾಗದ ಸಂರಕ್ಷಣೆ ಕಲಿತವರಿಂದ ರಟ್ಟು ತೆಗೆಸುವುದು. ಅವರು ಹಾಳೆಯನ್ನು ರಟ್ಟಿನಿಂದ ಎಳೆಯುವುದಿಲ್ಲ. ಹಾಳೆಯನ್ನು ಮುಖ ಕೆಳಗೆ ಮಾಡಿ, ರಟ್ಟನ್ನೇ ಹಿಂದಿನಿಂದ ಪದರ ಪದರವಾಗಿ ಒಣಗಿದ್ದಾಗಲೇ ಕೆರೆದು ತೆಗೆಯುತ್ತಾರೆ. ಕೊನೆಯ ಅಂಟಿನ ಪದರಕ್ಕೆ ಮಾತ್ರ, ಬಣ್ಣ ಓಡುತ್ತದೆಯೇ ಅಂತ ಒಂದು ಮೂಲೆಯಲ್ಲಿ ಪರೀಕ್ಷಿಸಿ, ಅಳತೆಯ ತೇವ ಕೊಡುತ್ತಾರೆ. ಹುಳುವಿನ ತೂತಿಗೆ ಜಪಾನಿ ಕಾಗದದ ತೇಪೆ, ಗೋಧಿ ಪಿಷ್ಟದ ಅಂಟು. ಮುಂದೆ ಬೇಕಾದರೆ ಬಿಡಿಸಿಕೊಳ್ಳಬಹುದು. ನಿಮ್ಮ ಹಾಳೆಗೆ ನಾನು ಹೇಳುವುದು ಇದನ್ನೇ. ಆದರೆ ಖರ್ಚು ಹಾಳೆಯ ಮಾರುಕಟ್ಟೆ ಬೆಲೆಯನ್ನು ಮೀರಿದರೂ ಮೀರಬಹುದು, ಅದನ್ನು ಮೊದಲೇ ತಿಳಿದುಕೊಂಡು ಹೊರಡಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯವರ ಸಂರಕ್ಷಣಾ ಕೇಂದ್ರ ಇದೆ, ಅಲ್ಲಿ ವಿಚಾರಿಸಬಹುದು.

ಕಂದು ಚುಕ್ಕೆಗಳನ್ನು ಪೂರ್ತಿ ತೆಗೆಸುವುದು ಮೂರನೆಯ ದಾರಿ. ಈ ಬಣ್ಣಗಳಿಗೆ ನಾನಾದರೆ ಒಪ್ಪುವುದಿಲ್ಲ. ಚುಕ್ಕೆ ಇದ್ದರೆ ಇರಲಿ.

ಇಡುವ ವಿಷಯದಲ್ಲಿ ನಮ್ಮ ಮನೆಗಳ ಕೆಲವು ಅಭ್ಯಾಸ ಬಿಡಬೇಕಾಗುತ್ತದೆ. ಬೇವಿನೆಲೆಯನ್ನು ಹಾಳೆಯ ಮೇಲೇ ಇಟ್ಟರೆ ಕಲೆ ಬೀಳುತ್ತದೆ. ತಾಳೆಗರಿಗೆ ಹಚ್ಚುವ ಹುಲ್ಲಿನೆಣ್ಣೆ ಕಾಗದಕ್ಕೆ ಬೇಡವೇ ಬೇಡ. ಡಾಂಬರು ಗುಳಿಗೆಯೂ ಬೇಡ. ಹುಳು, ಬೂಸ್ಟು ಬರುವುದು ತೇವದಿಂದ. ಹೊರಗೋಡೆಗೆ ತಾಗಿದ ಬೀರುವಿನಲ್ಲಿ, ಕೆಳಗಿನ ಅರೆಯಲ್ಲಿ ಇಡಬೇಡಿ. ಮಳೆಗಾಲದಲ್ಲಿ ಆಗಾಗ ತೆಗೆದು ನೋಡಿ. ಹಾಕಲೇಬೇಕು ಅಂದರೆ ಬಿಸಿಲು ಬರದ ಒಳಗೋಡೆಗೆ, ಗಾಜು ಹಾಳೆಗೆ ತಾಗದ ಹಾಗೆ ದಪ್ಪ ಮೌಂಟ್ ಕೊಟ್ಟು, ವರ್ಷದಲ್ಲಿ ಒಂದೆರಡು ತಿಂಗಳು ಮಾತ್ರ ಹಾಕಿ. ಮ್ಯೂಸಿಯಂಗಳೂ ಮಂದ ಬೆಳಕಿನಲ್ಲಿ ಸ್ವಲ್ಪ ದಿನ ತೋರಿಸಿ ಒಳಗಿಡುತ್ತವೆ. ವರ್ಷವಿಡೀ ನೋಡಬೇಕು ಅನಿಸಿದರೆ ಒಳ್ಳೆಯ ಫೋಟೊ ತೆಗೆಸಿ ಅದನ್ನೇ ಗೋಡೆಗೆ ಹಾಕಿ. ಶರಾಕುವಿನ ಮರುಮುದ್ರಣವನ್ನು ಇಷ್ಟು ಬಿಗಿಯಾಗಿ ನೋಡಿಕೊಳ್ಳಬೇಕಿಲ್ಲ, ಕಿಟಕಿಯ ಎದುರಿನಿಂದ ತೆಗೆದರೆ ಸಾಕು.

ಮಾರುವ ಮಾತು

ಕುನಿಚಿಕಾನ ಬಿಡಿ ಹಾಳೆ, ಅಂಚು ಸವರಿದ್ದು, ಬಣ್ಣ ಮಾಸಿದ್ದು, ರಟ್ಟಿಗೆ ಅಂಟಿದ್ದು. ನನ್ನ ಅನುಭವದಲ್ಲಿ ಇದಕ್ಕೆ ಕೆಲವು ಸಾವಿರ ರೂಪಾಯಿ ಬಂದರೆ ಹೆಚ್ಚು. ಮೂರೂ ಹಾಳೆ ಇದ್ದು, ಬಣ್ಣ ತಾಜಾ ಇದ್ದರೆ ಹತ್ತಾರು ಸಾವಿರದ ಮಾತು. ಹಳೆಯದು ಅಂದಕೂಡಲೇ ದುಬಾರಿ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. 1925ರಿಂದ 1929ರ ನಡುವೆ ನತೋರಿ ಶುನ್ಸೆನ್ ಬರೆದು, ವತಾನಾಬೆ ಶೋಜಾಬುರೊ ಹೊರಡಿಸಿದ 36 ನಟರ ಸರಣಿಯಿದೆ. ನಿಮ್ಮ ಹಾಳೆಗಿಂತ ಅರವತ್ತು ವರ್ಷ ಕಿರಿಯ. ಅದರಲ್ಲಿ ಒಂದು ಒಳ್ಳೆಯ ಪ್ರತಿಗೆ 1866ರ ಸಾಮಾನ್ಯ ಹಾಳೆಗಿಂತ ಎಷ್ಟೋ ಪಟ್ಟು ಬೆಲೆ. ಕುನಿಚಿಕಾ, ಕುನಿಸಾದಾರ ಹಾಳೆಗಳು ಸಾವಿರಗಟ್ಟಲೆ ಉಳಿದಿವೆ, ಅಷ್ಟೇ ಕಾರಣ.

ಹೊರದೇಶದ ಹರಾಜಿಗೆ ಕಳಿಸೋಣ ಅಂತ ಮಗನಿಗೆ ಅನಿಸಬಹುದು. ಅಲ್ಲಿ ಒಂದು ತೊಡಕಿದೆ. ನೂರು ವರ್ಷ ದಾಟಿದ ಕಲಾವಸ್ತುಗಳಿಗೆ ನಮ್ಮ 1972ರ ಪುರಾವಸ್ತು ಕಾಯ್ದೆ ಅನ್ವಯಿಸುತ್ತದೆ, ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಜಪಾನಿನದು, ನಮ್ಮದಲ್ಲ ಅಂದುಕೊಂಡು ಸುಮ್ನೆ ಕೊರಿಯರ್ ಮಾಡಲು ಹೋಗಬೇಡಿ. ಭಾರತೀಯ ಪುರಾತತ್ವ ಇಲಾಖೆಯವರಿಂದ ಲಿಖಿತವಾಗಿ ಕೇಳಿಕೊಂಡೇ ಮುಂದಿನ ಹೆಜ್ಜೆ ಇಡಿ. ದೇಶದೊಳಗೆ ಕೊಳ್ಳುವವರು ಕಮ್ಮಿ. ನನ್ನ ಸಲಹೆ ಕೇಳಿದರೆ, ಬರುವ ದುಡ್ಡು ಅವಸರ ಪಡುವಷ್ಟಿಲ್ಲ. ಮಾರುವ ಯೋಚನೆ ಇದ್ದರೂ ಮೊದಲು ಹಾಳೆ ಯಾವ ನಾಟಕದ್ದು, ಯಾವ ನಟನದು ಅನ್ನುವುದು ಗೊತ್ತಾಗಲಿ. ಹೆಸರು ಗೊತ್ತಿರುವ ಹಾಳೆಗೂ ‘ಜಪಾನಿ ಹೆಂಗಸು’ ಅಂತ ಮಾರುವ ಹಾಳೆಗೂ ಬೆಲೆಯಲ್ಲಿ ವ್ಯತ್ಯಾಸ ಇದ್ದೇ ಇದೆ, ಅಲ್ವಾ?

ಎರಡನ್ನೂ ಚೌಕಟ್ಟಿನಿಂದ ತೆಗೆದ ಮೇಲೆ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಮತ್ತೆ ಫೋಟೊ ತೆಗೆದು ಕಳಿಸಿ. ನಟನ ಹೆಸರಿನ ಚೌಕ, ಉಡುಪಿನ ಚಿಹ್ನೆ, ನಾಲ್ಕೂ ಅಂಚು, ಮೊದಲನೆಯದರ ಬೆನ್ನು. ಪಕ್ಕದಲ್ಲಿ ಅಳತೆಪಟ್ಟಿ ಇಡಿ. ಕೈಯಲ್ಲಿ ಎಣ್ಣೆ, ಅರಿಶಿನ ಇರದಿರಲಿ. ಹಾಳೆಯನ್ನು ಒಂದು ಮೂಲೆಯಿಂದ ಎತ್ತಬೇಡಿ, ಕೆಳಗೆ ಗಟ್ಟಿ ರಟ್ಟು ಕೊಟ್ಟು ಎರಡೂ ಕೈಯಲ್ಲಿ ಎತ್ತಿ.